ಫೀಸು ಕಡಿಮೆ, ಖರ್ಚು ಜಾಸ್ತಿ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ ದುಡ್ಡು ಹೊಂದಿಸುವ ಬಗೆ

ಬೇ ಏರಿಯಾದ ಕನ್ನಡ ಪಾಲಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ.

ಮೊದಲು ಲೆಕ್ಕ ಮುಗಿಸಿಬಿಡೋಣ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಹೈಸ್ಕೂಲ್ ಮುಗಿಸಿ ಎರಡು ವರ್ಷ ಓದುವ ಸರ್ಕಾರಿ ಕಾಲೇಜಿನಲ್ಲಿ, ಈ ರಾಜ್ಯದ ನಿವಾಸಿಗೆ ಒಂದು ಯೂನಿಟ್‌ಗೆ 46 ಡಾಲರ್ ಫೀಸು. ಯೂನಿಟ್ ಅಂದರೆ ಒಂದೊಂದು ಕೋರ್ಸಿನ ತೂಕ ಅಳೆಯುವ ಲೆಕ್ಕ. 2012ರ ಬೇಸಿಗೆಯಿಂದ ಇದೇ ದರ ನಡೆದುಕೊಂಡು ಬಂದಿದೆ. ಸೆಮಿಸ್ಟರ್‌ಗೆ 15 ಯೂನಿಟ್ ತಗೊಂಡರೆ 690 ಡಾಲರ್, ವರ್ಷಕ್ಕೆ 1,380. ಡಿ ಆನ್ಜಾ, ಫುಟ್‌ಹಿಲ್ ತರಹದ ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಯೂನಿಟ್‌ಗೆ 31 ಡಾಲರ್. ಅಲ್ಲಿ ಯೂನಿಟ್‌ಗಳು ಜಾಸ್ತಿ, ಹಾಗಾಗಿ ವರ್ಷದ ಕೊನೆಗೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ನಾವೆಲ್ಲ ಯುಸಿ ಅನ್ನುತ್ತೇವಲ್ಲ, ಅಲ್ಲಿ ಇದೇ ಮಗುವಿಗೆ ವರ್ಷದ ಟ್ಯೂಷನ್ 14 ಸಾವಿರ ಡಾಲರ್ ದಾಟುತ್ತದೆ. ಹಾಸ್ಟೆಲ್ಲು, ಊಟ ಬೇರೆ.

ಈ ಅಂಕಿ ಕೇಳಿದ ತಕ್ಷಣ ನಮ್ಮವರು ನಿರಾಳವಾಗುತ್ತಾರೆ. "ಇಷ್ಟೇನಾ? ಕಾರ್ಡಲ್ಲಿ ಕಟ್ಟಿಬಿಡ್ತೀವಿ. ಅದಕ್ಕೆ ಫಾರಂ ಗೀರಂ ಯಾಕೆ?" ಈ ಮಾತಿನಲ್ಲೇ ದುಡ್ಡು ಕೈತಪ್ಪಿ ಹೋಗುವುದು. ಕಮ್ಯುನಿಟಿ ಕಾಲೇಜಿನ ಖರ್ಚಿನಲ್ಲಿ ಫೀಸು ತೀರಾ ಚಿಕ್ಕ ಬಾಬತ್ತು. ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟ್‌ನಲ್ಲೋ ಒಂದು ರೂಮಿನ ವರ್ಷದ ಬಾಡಿಗೆ ಮುಂದೆ ವರ್ಷದ ಫೀಸು ಏನೂ ಅಲ್ಲ. ಮನೆಯಲ್ಲೇ ಇದ್ದು ಓದುವ ಮಗುವಿಗೂ ಕಾರು, ಅದರ ಇನ್ಶೂರೆನ್ಸು, ಪೆಟ್ರೋಲು, ಲ್ಯಾಪ್‌ಟಾಪು, ಪುಸ್ತಕ, ಮಧ್ಯಾಹ್ನದ ಊಟ ಬೇಕೇ ಬೇಕು. ಸರ್ಕಾರ ಕೊಡುವ ನೆರವಿನ ದೊಡ್ಡ ಪಾಲು ಇರುವುದು ಇವುಗಳಿಗೆ. ಫೀಸು ಮಾಫಿ ಆಯಿತು ಅಂತ ಅಲ್ಲಿಗೇ ನಿಂತವರು ಅರ್ಧ ದಾರಿಯಲ್ಲೇ ನಿಂತ ಹಾಗೆ.

ಇಷ್ಟು ಕಡಿಮೆ ಫೀಸು ಯಾಕೆ ಅಂತ ಅನುಮಾನ ಪಡುವವರೂ ಇದ್ದಾರೆ. ಅವರಿಗಾಗಿ ಸ್ವಲ್ಪ ಹಿಂದಿನ ಕಥೆ. 1907ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ಹೈಸ್ಕೂಲುಗಳೇ ಮುಂದಿನ ತರಗತಿಗಳನ್ನೂ ನಡೆಸಬಹುದು ಎಂದಿತು. 1910ರಲ್ಲಿ ಫ್ರೆಸ್ನೊದಲ್ಲಿ ಮೊದಲನೆಯದು ಶುರುವಾಯಿತು. 1960ರ ಮಾಸ್ಟರ್ ಪ್ಲಾನ್ ಯಾರು ಯಾರನ್ನು ಓದಿಸಬೇಕು ಎಂದು ಹಂಚಿಕೊಟ್ಟಿತು: ಹೈಸ್ಕೂಲಿನ ಮೇಲ್ದರ್ಜೆಯ ವಿದ್ಯಾರ್ಥಿಗಳು ಯುಸಿಗೆ, ಅವರ ನಂತರದವರು ಸ್ಟೇಟ್ ಯೂನಿವರ್ಸಿಟಿಗೆ, ಕಮ್ಯುನಿಟಿ ಕಾಲೇಜಿನ ಬಾಗಿಲು ಮಾತ್ರ ಎಲ್ಲರಿಗೂ. 1984ರ ತನಕ ಇಲ್ಲಿ ಫೀಸೇ ಇರಲಿಲ್ಲ. ಆ ವರ್ಷ ಮೊದಲ ಬಾರಿಗೆ ಯೂನಿಟ್‌ಗೆ ಐದು ಡಾಲರ್ ಹಾಕಿದರು. ಈಗ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಕಟ್-ಆಫ್ ಇಲ್ಲ, ರ್‍ಯಾಂಕ್ ಇಲ್ಲ, ಅರ್ಜಿಗೆ ದುಡ್ಡಿಲ್ಲ.

ಕಟ್-ಆಫ್ ಇಲ್ಲ ಅಂದ ಕೂಡಲೇ ನಮ್ಮಲ್ಲಿ ಕೆಲವರ ಮುಖ ಚಿಕ್ಕದಾಗುತ್ತದೆ, ನನಗೆ ಗೊತ್ತು. ಸಿಇಟಿ ರ್‍ಯಾಂಕು, ಮೆರಿಟ್ ಸೀಟು, ಪೇಮೆಂಟ್ ಸೀಟು ಅಂತ ಬೆಳೆದವರು ನಾವು. ಸೀಟು ಸಿಗದವರು ಹೋಗುವ ಜಾಗ ಇದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಊರಿಗೆ ಫೋನ್ ಮಾಡಿದಾಗ ಅತ್ತೆಗೆ ಏನು ಹೇಳುವುದು ಎಂಬುದೇ ದೊಡ್ಡ ಚಿಂತೆ. ಅತ್ತೆಗೆ ಹೀಗೆ ಹೇಳಿ: ಎರಡು ವರ್ಷ ಇಲ್ಲಿ, ಆಮೇಲೆ ಎರಡು ವರ್ಷ ಯುಸಿಯಲ್ಲಿ, ಡಿಗ್ರಿ ಯುಸಿಯದ್ದೇ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದವರಿಗೆ ಮೊದಲೇ ಖಾತ್ರಿ ಬರೆದುಕೊಡುತ್ತವೆ. ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಆರರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು, ಮತ್ತೆ ಕೆಲವು ಮೇಜರ್‌ಗಳಿಗೆ, ಅದರಲ್ಲೂ ಕಂಪ್ಯೂಟರ್ ಸೈನ್ಸ್‌ಗೆ, ಎಲ್ಲ ಕಡೆ ಟ್ಯಾಗ್ ನಡೆಯುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಈ ಪಟ್ಟಿಯಲ್ಲೇ ಇಲ್ಲ. ಆದರೆ ಅವೂ ಕಮ್ಯುನಿಟಿ ಕಾಲೇಜಿನಿಂದ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ತಗೊಳ್ಳುತ್ತವೆ. ಇಲ್ಲಿಯ ಯಾವ ಕೋರ್ಸು ಅಲ್ಲಿ ಯಾವುದಕ್ಕೆ ಸಮ ಎಂದು ನೋಡಲು ಅಸಿಸ್ಟ್ ಡಾಟ್ ಆರ್ಗ್ ಎಂಬ ಸೈಟ್ ಇದೆ, ಪುಕ್ಕಟೆ. ದುಡ್ಡಿನ ಮಾತಾಡುವಾಗ ಇದನ್ನು ಯಾಕೆ ಎತ್ತಿದೆ ಅಂದರೆ, ಬೇಡದ ಕೋರ್ಸು ತಗೊಂಡು ಮೂರನೇ ವರ್ಷ ಕೂರುವುದಕ್ಕಿಂತ ದುಬಾರಿ ತಪ್ಪು ಇನ್ನೊಂದಿಲ್ಲ.

ಈಗ ನಿವಾಸಿ ಯಾರು ಎಂಬ ಪ್ರಶ್ನೆ. 46 ಡಾಲರ್ ದರ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ. ಹೊರಗಿನವರಿಗೆ ಪ್ರತಿ ಯೂನಿಟ್‌ಗೆ ಇದರ ಮೇಲೆ ನೂರಾರು ಡಾಲರ್ ಬೀಳುತ್ತದೆ, ಕಾಲೇಜಿನಿಂದ ಕಾಲೇಜಿಗೆ ಬೇರೆ. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ಒಂದು ವರ್ಷ ಮತ್ತು ಒಂದು ದಿನ ಇಲ್ಲಿ ವಾಸ ಇದ್ದು, ಇಲ್ಲೇ ನೆಲೆಸುವ ಉದ್ದೇಶಕ್ಕೆ ಕಾಗದ ತೋರಿಸಬೇಕು: ರಾಜ್ಯದ ಟ್ಯಾಕ್ಸ್ ರಿಟರ್ನ್, ಡ್ರೈವಿಂಗ್ ಲೈಸೆನ್ಸ್, ಬಾಡಿಗೆ ಕರಾರು ಇಂಥವು. ಎಚ್-1ಬಿ ಎಂಬ ಕೆಲಸದ ವೀಸಾದವರು, ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4, ಎಲ್-2 ವೀಸಾದವರು ಇಲ್ಲಿ ನಿವಾಸಿಯಾಗಬಹುದು. ಇದು ಗೊತ್ತಿಲ್ಲದೆ ಎಚ್-4 ಮಗುವಿಗೆ ಹೊರಗಿನವರ ದರ ಕಟ್ಟಿದ ಕುಟುಂಬಗಳಿವೆ. ವೆಬ್ ಅರ್ಜಿಯಲ್ಲಿ ವೀಸಾ ಅಂತ ಹಾಕಿದ ಕೂಡಲೇ ಕಂಪ್ಯೂಟರ್ ಸುಮ್ನೆ ಹೊರಗಿನವರ ಪಟ್ಟಿಗೆ ತಳ್ಳಿಬಿಡಬಹುದು. ಬಿಲ್ ನೋಡಿ ಗಾಬರಿಯಾಗುವ ಬದಲು ಅಡ್ಮಿಷನ್ಸ್ ಅಂಡ್ ರೆಕಾರ್ಡ್ಸ್ ಕಚೇರಿಗೆ ಕಾಗದ ತಗೊಂಡು ಹೋಗಿ, ಮರುಪರಿಶೀಲನೆ ಕೇಳಿ. ಎಫ್-1 ಎಂಬ ವಿದ್ಯಾರ್ಥಿ ವೀಸಾಗೆ ಬದಲಾದರೆ ಈ ಅನುಕೂಲ ಇಲ್ಲ. ನಮ್ಮ ಎಷ್ಟೋ ಮಕ್ಕಳು 21 ತುಂಬುವಾಗ ಎಚ್-4 ಮುಗಿದು ಎಫ್-1ಗೆ ಹೋಗುತ್ತಾರೆ. ಹಾಗಾಗಿ ಮಗು 17ರಲ್ಲಿ ಇರುವಾಗಲೇ ಈ ಲೆಕ್ಕ ಹಾಕಬೇಕು.

ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ಇದೆ. ಅಣ್ಣ ಬೆಂಗಳೂರಿನಲ್ಲಿ ಹುಟ್ಟಿದವನು, ಎಚ್-4. ತಂಗಿ ಸನ್ನಿವೇಲ್‌ನಲ್ಲಿ ಹುಟ್ಟಿದವಳು, ಅಮೆರಿಕದ ಪ್ರಜೆ. ಅಪ್ಪ-ಅಮ್ಮ ಇನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲಿ. ಒಂದೇ ಮನೆ, ಒಂದೇ ಸಂಬಳ. ತಂಗಿಗೆ ಕೇಂದ್ರ ಸರ್ಕಾರದ ನೆರವಿಗೆ ಅರ್ಜಿ ಹಾಕುವ ಹಕ್ಕಿದೆ, ಅಣ್ಣನಿಗಿಲ್ಲ. ತಂಗಿಯ ವಿಷಯದಲ್ಲಿ ಅಪ್ಪ-ಅಮ್ಮನ ವೀಸಾ ಅಡ್ಡ ಬರುವುದಿಲ್ಲ. ಪಾಲಕರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಫಾರಂ ತುಂಬಬಹುದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ "ನಾವು ಎಚ್-1ಬಿ, ನಮಗೆಲ್ಲಿ" ಅಂತ ತಂಗಿಯ ಅರ್ಜಿಯನ್ನೂ ಹಾಕದ ಮನೆಗಳಿವೆ. ಕಾಗದಪತ್ರವೇ ಇಲ್ಲದ ವಿದ್ಯಾರ್ಥಿಗಳಿಗೆ ಡ್ರೀಮ್ ಆಕ್ಟ್ ಎಂಬ ರಾಜ್ಯದ್ದೇ ಪ್ರತ್ಯೇಕ ಅರ್ಜಿ ಇದೆ.

ಕೇಂದ್ರದ ನೆರವಿಗೆ ಹಾಕುವ ಅರ್ಜಿಯ ಹೆಸರು ಫ್ಯಾಫ್ಸಾ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಮುಂದಿನ ವರ್ಷದ್ದು ತೆರೆಯುತ್ತದೆ. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ, ಎದ್ದು ಬನ್ನಿ. ವಿದ್ಯಾರ್ಥಿಗೆ ಒಂದು ಅಕೌಂಟ್, ಪಾಲಕರಿಗೆ ಬೇರೆ ಅಕೌಂಟ್. ಜಂಟಿಯಾಗಿ ಟ್ಯಾಕ್ಸ್ ಫೈಲ್ ಮಾಡುವ ಗಂಡ-ಹೆಂಡತಿಯಲ್ಲಿ ಒಬ್ಬರು ಸಾಕು. ಗಂಡ-ಹೆಂಡತಿ ದೂರವಾಗಿ ಬೇರೆ ಬೇರೆ ವಾಸ ಇದ್ದರೆ, ಕಳೆದ 12 ತಿಂಗಳಲ್ಲಿ ಮಗುವಿಗೆ ಜಾಸ್ತಿ ಖರ್ಚು ಮಾಡಿದವರು ತುಂಬಬೇಕು.

ಫಾರಂನಲ್ಲಿ ಒಂದು ಕಡೆ ಒಪ್ಪಿಗೆ ಕೇಳುತ್ತದೆ: ನಿಮ್ಮ ಟ್ಯಾಕ್ಸ್ ವಿವರವನ್ನು ಟ್ಯಾಕ್ಸ್ ಇಲಾಖೆಯಾದ ಐಆರ್‌ಎಸ್‌ನಿಂದ ನೇರವಾಗಿ ತರಿಸಿಕೊಳ್ಳಬಹುದೇ ಅಂತ. ಬಹಳ ಅಪ್ಪಂದಿರು ಇಲ್ಲೇ ನಿಂತುಬಿಡುತ್ತಾರೆ. ಮಗನಿಗೆ ಸಂಬಳ ಗೊತ್ತಾಗುತ್ತದೆ ಎಂಬ ಭಯ. ಮಗನಿಗೆ ಆ ಅಂಕಿ ಕಾಣುವುದಿಲ್ಲ, ಸ್ವಾಮಿ. ಒಪ್ಪಿಗೆ ಕೊಡದಿದ್ದರೆ ಮಾತ್ರ ಕೇಂದ್ರದ ಒಂದು ಪೈಸೆಯೂ ಬರುವುದಿಲ್ಲ.

ಆಸ್ತಿಯ ಪ್ರಶ್ನೆಗೆ ಬರೋಣ. ನೀವು ವಾಸವಿರುವ ಮನೆ ಲೆಕ್ಕಕ್ಕಿಲ್ಲ. 401-ಕೆ ತರಹದ ನಿವೃತ್ತಿ ಖಾತೆ ಲೆಕ್ಕಕ್ಕಿಲ್ಲ. ಬ್ಯಾಂಕಿನ ದುಡ್ಡು, ಷೇರು, ಓದಿಗೆ ಅಂತ ಕೂಡಿಡುವ 529 ಖಾತೆ ಲೆಕ್ಕಕ್ಕಿವೆ. ಮತ್ತೆ ನಮ್ಮ ಮೈಸೂರಿನ ಸೈಟು? ಈ ಪ್ರಶ್ನೆ ಬಂದೇ ಬರುತ್ತದೆ. ವಾಸದ ಮನೆ ಬಿಟ್ಟು ಬೇರೆ ಸ್ಥಿರಾಸ್ತಿ ಎಲ್ಲ ಹೂಡಿಕೆಯ ಲೆಕ್ಕಕ್ಕೆ ಸೇರುತ್ತದೆ, ಅದು ಮೈಸೂರಿನಲ್ಲಿದ್ದರೂ ಮಿಲ್ಪೀಟಸ್‌ನಲ್ಲಿದ್ದರೂ. ನಿಮ್ಮ ಹೆಸರಿನಲ್ಲಿದ್ದರೆ ಇವತ್ತಿನ ಬೆಲೆಯಲ್ಲಿ ಸಾಲ ಕಳೆದು ಬರೆಯಿರಿ. ತಂದೆಯ ಹೆಸರಿನಲ್ಲಿ ಇರುವುದನ್ನು ನೀವು ಬರೆಯಬೇಕಿಲ್ಲ. ಸುಳ್ಳು ಬರೆಯಬೇಡಿ, ಸುಮ್ನೆ ತೊಂದರೆ. ಊರಲ್ಲಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಾಡಿದವರಿಗೆ ಗೊತ್ತು, ಅಲ್ಲಿ ಮನೆ ಮನೆಯ ಸ್ಥಿತಿ ಒಂದು ಸಹಿಯಲ್ಲಿ ತೀರ್ಮಾನ ಆಗುತ್ತಿತ್ತು. ಇಲ್ಲಿ ನೀವು ಬರೆದದ್ದನ್ನು ನಂಬುತ್ತಾರೆ, ಆಮೇಲೆ ಕೆಲವರ ಅರ್ಜಿ ಎತ್ತಿಕೊಂಡು ಕಾಗದ ಕೇಳುತ್ತಾರೆ. ಅದಕ್ಕೆ ವೆರಿಫಿಕೇಷನ್ ಅನ್ನುತ್ತಾರೆ.

ಆ ವೆರಿಫಿಕೇಷನ್ ಪತ್ರ ಅಂಚೆಯಲ್ಲಿ ಮನೆಗೆ ಬರುವುದಿಲ್ಲ. ಕಾಲೇಜಿನ ಪೋರ್ಟಲ್‌ನಲ್ಲಿ ಮಗುವಿನ ಲಾಗಿನ್ ಒಳಗೆ, ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಕೂತಿರುತ್ತದೆ. "ಮನೆಯಲ್ಲಿ ಎಷ್ಟು ಜನ ಎಂಬ ಫಾರಂ ಬಾಕಿ" ಅಂತ. ಅದರ ಮೇಲೊಂದು ಎಚ್ಚರಿಕೆಯ ಗುರುತು. ಕಾಲೇಜು ಕೊಟ್ಟ ಈಮೇಲ್‌ಗೂ ಒಂದು ಪ್ರತಿ ಹೋಗಿರುತ್ತದೆ, ಅದನ್ನು ಮಗು ತೆರೆದೇ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಬಂದು "ನಮಗೆ ಏನೂ ಬರಲೇ ಇಲ್ಲ" ಅನ್ನುತ್ತಾರೆ. ಪೋರ್ಟಲ್ ತೆಗೆಸಿ ನೋಡಿದರೆ ಆ ಒಂದು ಸಾಲು ಆಗಸ್ಟ್‌ನಿಂದ ಕಾಯುತ್ತಾ ಇರುತ್ತದೆ. ಇಲ್ಲಿ ಕೂತಿರುವ ಹುಡುಗ ಹುಡುಗಿಯರೇ, ಕಾಲೇಜಿನ ಈಮೇಲ್ ಫೋನಿಗೆ ಹಾಕಿಕೊಳ್ಳಿ. ಇವತ್ತೇ.

ಇಷ್ಟೆಲ್ಲಾ ಮಾಡಿ ಏನು ಸಿಗುತ್ತದೆ? ಮೊದಲನೆಯದು ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್. ಆದಾಯ ಕಡಿಮೆ ಇದ್ದವರಿಗೆ ಯೂನಿಟ್ ಫೀಸು ಪೂರ್ತಿ ಮಾಫಿ. ಒಂದೇ ಒಂದು ಕ್ಲಾಸ್ ತಗೊಂಡರೂ ಸಿಗುತ್ತದೆ. ಹೆಲ್ತ್ ಫೀಸು, ಪಾರ್ಕಿಂಗ್ ಮುಂತಾದ ಚಿಲ್ಲರೆ ಬಾಬತ್ತು ಮಾತ್ರ ಉಳಿಯಬಹುದು. ಹೆಸರಿನಲ್ಲಿ ಇದರ ಅಣ್ಣತಮ್ಮನಂತಿರುವ ಇನ್ನೊಂದು ಯೋಜನೆ ಇದೆ, ಬರೀ ಪ್ರಾಮಿಸ್ ಅಂತ. 2017ರ ಕಾನೂನಿನಿಂದ ಬಂದದ್ದು, 2019ರಲ್ಲಿ ಎರಡು ವರ್ಷಕ್ಕೆ ವಿಸ್ತರಿಸಿದರು. ಮೊದಲ ಬಾರಿಗೆ ಕಾಲೇಜಿಗೆ ಸೇರಿ, ಪೂರ್ತಿ ಹೊತ್ತಿನ ವಿದ್ಯಾರ್ಥಿಯಾಗಿ ಅಂದರೆ ಕನಿಷ್ಠ 12 ಯೂನಿಟ್ ತಗೊಂಡವರಿಗೆ ಎರಡು ವರ್ಷ ಫೀಸು ಇಲ್ಲ. ಅನೇಕ ಕಾಲೇಜುಗಳಲ್ಲಿ ಇದಕ್ಕೆ ಆದಾಯ ಮಿತಿಯೇ ಇಲ್ಲ. ಟೆಕ್ ಸಂಬಳದವರ ಮಕ್ಕಳಿಗೂ ಸಿಗುತ್ತದೆ. ಷರತ್ತು ಏನು ಅಂದರೆ ಫ್ಯಾಫ್ಸಾ ತುಂಬಿರಬೇಕು. "ನಮಗೆ ಹೇಗಿದ್ದರೂ ಬರಲ್ಲ" ಅಂತ ಫಾರಂ ಬಿಟ್ಟವರು ಇದನ್ನೂ ಬಿಟ್ಟ ಹಾಗಾಯಿತು.

ಎರಡನೆಯದು ಪೆಲ್ ಗ್ರಾಂಟ್. ಕೇಂದ್ರದ್ದು, ವಾಪಸ್ ಕೊಡಬೇಕಿಲ್ಲ. 2025-26ರ ಸಾಲಿಗೆ ಗರಿಷ್ಠ 7,395 ಡಾಲರ್. ಫೀಸು ಆಗಲೇ ಮಾಫಿ ಆಗಿರುವುದರಿಂದ ಈ ದುಡ್ಡು ವಿದ್ಯಾರ್ಥಿಯ ಖಾತೆಗೇ ಬರುತ್ತದೆ, ಬಾಡಿಗೆಗೆ, ಊಟಕ್ಕೆ, ಓಡಾಟಕ್ಕೆ. ಆಗಲೇ ಅರ್ಧ ದಾರಿ ಅಂದೆನಲ್ಲ, ಉಳಿದರ್ಧ ಇದು. ರಾಜ್ಯದ ಕ್ಯಾಲ್ ಗ್ರಾಂಟ್ ಇದರ ಮೇಲೆ. ಕ್ಯಾಲ್ ಗ್ರಾಂಟ್ ಬಿ ಅಥವಾ ಸಿ ಇದ್ದವರಿಗೆ ಸ್ಟೂಡೆಂಟ್ ಸಕ್ಸೆಸ್ ಕಂಪ್ಲೀಷನ್ ಗ್ರಾಂಟ್ ಅಂತ ಮತ್ತೊಂದು ಸೇರುತ್ತದೆ. 12ರಿಂದ 14 ಯೂನಿಟ್ ತಗೊಂಡವರಿಗೆ ಸೆಮಿಸ್ಟರ್‌ಗೆ 1,298 ಡಾಲರ್ ತನಕ. 15 ತಗೊಂಡರೆ 4,000 ತನಕ. ಒಂದು ಕ್ಲಾಸಿನ ವ್ಯತ್ಯಾಸ! 12 ಯೂನಿಟ್ ಓದಿ ಸಂಜೆ ಅಂಗಡಿಯಲ್ಲಿ ನಿಂತು ದುಡಿಯುವ ಹುಡುಗನಿಗೆ ಇದು ಗೊತ್ತಿದ್ದರೆ, ಕೆಲಸದ ಕೆಲವು ಗಂಟೆ ಬಿಟ್ಟು ಇನ್ನೊಂದು ಕ್ಲಾಸ್ ತಗೊಳ್ಳಬಹುದಲ್ವಾ? ಹಾಗಂತ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಮೂರನ್ನೂ ಒಟ್ಟಿಗೆ ಹೇರಿಕೊಂಡು 15 ಮಾಡಿ ಅಂತ ನಾನು ಹೇಳುತ್ತಿಲ್ಲ.

ದಿನಾಂಕ ಎರಡು ನೆನಪಿಡಿ. ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ 2. ಕಮ್ಯುನಿಟಿ ಕಾಲೇಜಿನವರಿಗೆ ಮಾತ್ರ ಸೆಪ್ಟೆಂಬರ್ 2 ಅಂತ ಎರಡನೇ ಅವಕಾಶ. ಯಾವತ್ತಾದರೂ ರಾಜ್ಯ ಗಡುವು ಮುಂದಕ್ಕೆ ಹಾಕಿದರೆ ಅದು ಬೋನಸ್ಸು ಅಂದುಕೊಳ್ಳಿ.

ಇಲ್ಲಿ ಕೂತಿರುವವರಲ್ಲಿ ಕೆಲವರ ಮನೆಯಲ್ಲಿ ಈ ವರ್ಷ ಕೆಲಸ ಹೋಗಿದೆ. ಯಾರು ಅಂತ ಕೇಳುವುದಿಲ್ಲ. ಫ್ಯಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್. 2025-26ರ ಅರ್ಜಿಗೆ 2023ರ ಆದಾಯ. ಆಗ ಒಳ್ಳೆಯ ಸಂಬಳ, ಈಗ ಮನೆಯಲ್ಲಿ ಕೂತಿದ್ದೀರಿ. ಕಾಗದದ ಮೇಲೆ ನೀವು ಶ್ರೀಮಂತರು. ಇಂಥವರಿಗೆ ಒಂದು ದಾರಿ ಕಾನೂನಿನಲ್ಲೇ ಇದೆ. ಮೊದಲು ಫ್ಯಾಫ್ಸಾವನ್ನು ಹಳೆಯ ಅಂಕಿಯಲ್ಲೇ ತುಂಬಿ. ಆಮೇಲೆ ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿಗೆ ಹೋಗಿ "ಸ್ಪೆಷಲ್ ಸರ್ಕಮ್‌ಸ್ಟೆನ್ಸಸ್" ಫಾರಂ ಕೇಳಿ. ಕೆಲಸದಿಂದ ತೆಗೆದ ಪತ್ರ, ಕೊನೆಯ ಪೇ-ಸ್ಲಿಪ್, ನಿರುದ್ಯೋಗ ಭತ್ಯೆ ಬರುತ್ತಿದ್ದರೆ ಅದರ ಕಾಗದ ಜೊತೆಗಿಡಿ. ದೊಡ್ಡ ಆಸ್ಪತ್ರೆ ಬಿಲ್ಲು, ಗಂಡ-ಹೆಂಡತಿ ಬೇರೆಯಾದದ್ದು, ಮನೆಯಲ್ಲಿ ಸಾವು, ಇವಕ್ಕೂ ಇದೇ ದಾರಿ. ಅಲ್ಲಿಯ ಅಧಿಕಾರಿಗೆ ಅಂಕಿಯನ್ನು ಈಗಿನ ಸ್ಥಿತಿಗೆ ತಿದ್ದುವ ಅಧಿಕಾರವಿದೆ. ಆದರೆ ಅವರಾಗಿಯೇ ಬಂದು ಕೇಳುವುದಿಲ್ಲ. ನಮ್ಮವರಿಗೆ ಈ ಕೌಂಟರಿನ ಮುಂದೆ ನಿಲ್ಲುವುದು ಬಹಳ ಕಷ್ಟ. ಲೇಆಫ್ ಆದದ್ದನ್ನು ಪಕ್ಕದ ಮನೆಯವರಿಗೇ ಹೇಳಿರುವುದಿಲ್ಲ. ಈ ಕಚೇರಿಯವರು ಅದನ್ನು ಯಾರಿಗೂ ಹೇಳುವುದಿಲ್ಲ, ಅವರಿಗೆ ನಿಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪೂ ಗೊತ್ತಿಲ್ಲ.

ಮಧ್ಯಮ ಆದಾಯದವರು ಟ್ಯಾಕ್ಸ್ ಸಮಯದಲ್ಲಿ ಇನ್ನೊಂದು ನೋಡಬೇಕು: ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್. ಓದಿಗೆ ಖರ್ಚಾದ ಮೊದಲ 2,000 ಡಾಲರ್ ಪೂರ್ತಿ, ಮುಂದಿನ 2,000ದಲ್ಲಿ ಕಾಲು ಭಾಗ, ಒಟ್ಟು 2,500 ತನಕ ಟ್ಯಾಕ್ಸ್‌ನಿಂದ ಕಳೆಯುತ್ತದೆ. ಪುಸ್ತಕದ ಖರ್ಚೂ ಸೇರುತ್ತದೆ, ರಸೀದಿ ಇಟ್ಟುಕೊಳ್ಳಿ. ಜಂಟಿ ಆದಾಯ 1,60,000 ದಾಟಿದರೆ ಕರಗುತ್ತಾ ಹೋಗಿ 1,80,000ಕ್ಕೆ ಪೂರ್ತಿ ಹೋಗುತ್ತದೆ. ಇದರ ಬಗ್ಗೆ ಇಷ್ಟು ಸಾಕು, ನಿಮ್ಮ ಟ್ಯಾಕ್ಸ್ ಮಾಡುವವರು ಹೇಳುತ್ತಾರೆ.

ಇನ್ನು ಓದುವ ಮಕ್ಕಳಿಗೆ ಸಿಗುವ ಸಹಾಯ. ಅದಕ್ಕೆ ಮೊದಲು ಅಪ್ಪ-ಅಮ್ಮಂದಿರಿಗೆ ಒಂದು ಕಹಿ ಮಾತು. ಕಾಲೇಜು ಸೇರಿದ ದಿನದಿಂದ ಮಗುವಿನ ಮಾಹಿತಿ ಮಗುವಿನದು. 1974ರ ಫರ್ಪಾ ಕಾನೂನು. ಮಗು 16ರಲ್ಲಿ ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಒಂದು ಕ್ಲಾಸ್ ತಗೊಂಡರೂ ಆ ಕ್ಲಾಸಿನ ಮಟ್ಟಿಗೆ ಹೀಗೇ. ನೀವು ಫೋನ್ ಮಾಡಿ "ನನ್ನ ಮಗಳ ಮಾರ್ಕ್ಸ್ ಎಷ್ಟು" ಅಂದರೆ, ಮಗಳ ಬರಹದ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಹೇಳುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡಿ, ಕೌಂಟರಿನ ಆ ಹುಡುಗಿಯ ತಪ್ಪಲ್ಲ ಅದು. ಇದರ ಇನ್ನೊಂದು ಮಗ್ಗುಲು ಮುಖ್ಯ: ಎಲ್ಲವನ್ನೂ ಮಗುವೇ ಕೇಳಬೇಕು. ಹನ್ನೆರಡು ವರ್ಷ ಎಲ್ಲಾ ಫಾರಂ ಅಮ್ಮನೇ ತುಂಬಿರುತ್ತಾರೆ. ಹದಿನೆಂಟನೇ ವರ್ಷ ಏಕಾಏಕಿ ನೀನೇ ಹೋಗಿ ಕೇಳು ಅಂದರೆ ಮಗು ಬಾಗಿಲ ತನಕ ಹೋಗಿ ವಾಪಸ್ ಬರುತ್ತದೆ. ಹೈಸ್ಕೂಲಿನ ಕೊನೆಯ ವರ್ಷವೇ ಡೆಂಟಿಸ್ಟ್ ಅಪಾಯಿಂಟ್‌ಮೆಂಟನ್ನಾದರೂ ಅವರೇ ಫೋನ್ ಮಾಡಿ ತಗೊಳ್ಳಲಿ. ಅಭ್ಯಾಸ ಆಗುತ್ತದೆ.

ನಾನು ಮೊದಲು ಹೇಳುವ ಹೆಸರು ಇಒಪಿಎಸ್. 1969ರಿಂದ ಇದೆ. ಆದಾಯ ಕಡಿಮೆ ಇದ್ದು, ಓದಿನಲ್ಲೂ ಹಿನ್ನೆಲೆಯ ಅಡಚಣೆ ಇರುವವರಿಗೆ. ಪುಸ್ತಕಕ್ಕೆ ನೆರವು, ನಿಮ್ಮದೇ ಅಂತ ಒಬ್ಬ ಕೌನ್ಸೆಲರ್, ಎಲ್ಲಕ್ಕಿಂತ ಮುಖ್ಯವಾಗಿ ಮೊದಲ ಸುತ್ತಿನಲ್ಲೇ ಕ್ಲಾಸ್ ಹಿಡಿಯುವ ಅವಕಾಶ. ಆಗಸ್ಟ್‌ನಲ್ಲಿ ಕೆಮಿಸ್ಟ್ರಿ ಲ್ಯಾಬ್‌ಗೆ ವೇಟಿಂಗ್ ಲಿಸ್ಟ್‌ನಲ್ಲಿ ನಿಂತವರಿಗೆ ಆ ಮೊದಲ ಸುತ್ತಿನ ಬೆಲೆ ಗೊತ್ತು. ಒಂದು ಲ್ಯಾಬ್ ತಪ್ಪಿದರೆ ಯುಸಿಗೆ ಹೋಗುವ ಟ್ರಾನ್ಸ್‌ಫರ್ ಒಂದು ವರ್ಷ ಮುಂದಕ್ಕೆ ಹೋಗಬಹುದು. ಆ ವರ್ಷದ ಬಾಡಿಗೆ ಯಾರು ಕೊಡುತ್ತಾರೆ? ಎಂಜಿನಿಯರಿಂಗ್, ಗಣಿತದ ಕಡೆಯವರಿಗೆ ಮೆಸಾ ಅಂತ ಇದೆ. 1970ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಶುರುವಾದದ್ದು, ಈಗ ಅನೇಕ ಕಮ್ಯುನಿಟಿ ಕಾಲೇಜುಗಳಲ್ಲಿ ಅದರ ಓದುವ ಕೋಣೆ, ಟ್ಯೂಟರ್‌ಗಳು ಇದ್ದಾರೆ.

ಡಿಎಸ್‌ಪಿಎಸ್, ಅಂದರೆ ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ ನೆರವಾಗುವ ಕಚೇರಿ, ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಣ್ಣು, ಕಿವಿ, ನಡಿಗೆಯ ತೊಂದರೆಗೆ ಮಾತ್ರ ಅಲ್ಲ ಇದು. ಎಡಿಎಚ್‌ಡಿ, ಡಿಸ್‌ಲೆಕ್ಸಿಯಾ, ಆಟಿಸಂ, ತೀವ್ರ ಆತಂಕ, ಖಿನ್ನತೆ, ದೀರ್ಘ ಕಾಯಿಲೆ, ಎಲ್ಲಕ್ಕೂ. ಹೈಸ್ಕೂಲಿನಲ್ಲಿ ಐಇಪಿ ಅಥವಾ 504 ಪ್ಲಾನ್ ಎಂಬ ವಿಶೇಷ ಸಹಾಯದ ಯೋಜನೆ ಇದ್ದ ಮಕ್ಕಳಿಗೆ ಶಾಲೆಯೇ ಹುಡುಕಿಕೊಂಡು ಬಂದು ಸಹಾಯ ಮಾಡುತ್ತಿತ್ತು. ಕಾಲೇಜಿಗೆ ಆ ಪ್ಲಾನ್ ತಾನಾಗಿ ಬರುವುದಿಲ್ಲ. ವಿದ್ಯಾರ್ಥಿಯೇ ಕಚೇರಿಗೆ ಹೋಗಿ ಹೇಳಬೇಕು, ಹಳೆಯ ಕಾಗದ ತೋರಿಸಬೇಕು. ಆಗ ಪರೀಕ್ಷೆಗೆ ಹೆಚ್ಚಿನ ಸಮಯ, ಗದ್ದಲವಿಲ್ಲದ ಕೋಣೆ, ನೋಟ್ಸ್ ಸಹಾಯ ಸಿಗುತ್ತದೆ. ಪ್ರೊಫೆಸರ್‌ಗೆ ಹೋಗುವ ಪತ್ರದಲ್ಲಿ ಏನು ಅನುಕೂಲ ಬೇಕು ಅಂತ ಇರುತ್ತದೆ, ಕಾಯಿಲೆಯ ಹೆಸರು ಇರುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲೂ ಎಲ್ಲೂ ಬರುವುದಿಲ್ಲ. "ಕಾಲೇಜಿಗೆ ಬಂದಾಯ್ತಲ್ಲ, ಈಗ್ಯಾಕೆ ಅದೆಲ್ಲ, ನಾಳೆ ಮದುವೆ ಗಿದುವೆ..." ಅಂತ ಹೇಳುವ ಅಮ್ಮಂದಿರನ್ನು ನೋಡಿದ್ದೇನೆ. ಆ ಮಗು ಮೊದಲ ಸೆಮಿಸ್ಟರ್‌ನಲ್ಲಿ ಎರಡು ಎಫ್ ತಗೊಂಡ ಮೇಲೆ ಕಚೇರಿಗೆ ಬರುತ್ತದೆ. ಹೊಸ ಅನುಕೂಲ ಮುಂದಿನ ಪರೀಕ್ಷೆಗೆ ಮಾತ್ರ ಅನ್ವಯ. ಹಿಂದಿನ ಎಫ್ ಹಾಗೇ ಉಳಿಯುತ್ತದೆ.

ಊಟದ ವಿಷಯ. 2021ರ ಕಾನೂನಿನ ಪ್ರಕಾರ ಇಲ್ಲಿಯ ಪ್ರತಿಯೊಂದು ಕಮ್ಯುನಿಟಿ ಕಾಲೇಜಿನಲ್ಲೂ ಬೇಸಿಕ್ ನೀಡ್ಸ್ ಸೆಂಟರ್ ಇರಲೇಬೇಕು. ಊಟ, ವಸತಿ, ಬಟ್ಟೆ, ತುರ್ತು ದುಡ್ಡು ಎಲ್ಲದಕ್ಕೂ ಒಂದೇ ಬಾಗಿಲು. ಒಳಗೆ ಪ್ಯಾಂಟ್ರಿ. ಅಕ್ಕಿ, ಬೀನ್ಸ್, ಪಾಸ್ತಾ, ಪೀನಟ್ ಬಟರ್, ಫ್ರಿಜ್‌ನಲ್ಲಿ ಹಾಲು, ಕೆಲವು ದಿನ ಸೊಪ್ಪು ತರಕಾರಿ. ಸ್ಟೂಡೆಂಟ್ ಐಡಿ ತೋರಿಸಿ ಚೀಲ ತುಂಬಿಕೊಳ್ಳುವುದು. ನಮ್ಮ ಹುಡುಗನೊಬ್ಬ ಇಂಥ ಕಡೆ ಹೋಗುವುದು ಅಂದರೆ ಪಾಲಕರಿಗೆ ಭಿಕ್ಷೆ ಬೇಡಿದ ಹಾಗೆ ಅನ್ನಿಸುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮೈಸೂರು, ಧಾರವಾಡಕ್ಕೆ ಓದಲು ಬಂದ ಹುಡುಗರು ವಾರಾನ್ನದಲ್ಲಿ ಬೆಳೆದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಮಠದ ಊಟ ಉಂಡು ಓದುತ್ತಾರೆ. ವಾರಾನ್ನದ ಹುಡುಗ ಏಳು ಮನೆಯ ಹೊಸ್ತಿಲು ತುಳಿಯಬೇಕಿತ್ತು. ಇಲ್ಲಿ ಒಂದೇ ಬಾಗಿಲು. ಕ್ಯಾಲ್‌ಫ್ರೆಶ್ ಎಂಬ ಸರ್ಕಾರಿ ಊಟದ ಕಾರ್ಡಿಗೆ ಯಾರು ಅರ್ಹರು ಎಂಬ ನಿಯಮ ವಿದ್ಯಾರ್ಥಿಗಳಿಗೆ ಸ್ವಲ್ಪ ಜಟಿಲ, ವೀಸಾ ಸ್ಥಿತಿಯ ಮೇಲೂ ಹೋಗುತ್ತದೆ. ಇದೇ ಸೆಂಟರ್‌ನವರೇ ನೋಡಿ ಹೇಳುತ್ತಾರೆ.

ಪುಸ್ತಕಕ್ಕೆ ಒಂದು ಸಣ್ಣ ಉಪಾಯ. ಕ್ಲಾಸುಗಳ ಪಟ್ಟಿಯಲ್ಲಿ ಕೆಲವು ಕ್ಲಾಸಿನ ಮುಂದೆ ಝೀರೋ ಟೆಕ್ಸ್ಟ್‌ಬುಕ್ ಕಾಸ್ಟ್ ಎಂಬ ಗುರುತು ಇರುತ್ತದೆ. 2018ರಿಂದ ಈ ಗುರುತು ಹಾಕುವುದು ಕಡ್ಡಾಯ. ಓಪನ್‌ಸ್ಟ್ಯಾಕ್ಸ್ ತರಹದ ಪುಕ್ಕಟೆ ಪುಸ್ತಕದಲ್ಲೇ ಪಾಠ. ಅದೇ ಸ್ಟ್ಯಾಟಿಸ್ಟಿಕ್ಸ್ ಮೂರು ಜನ ಕಲಿಸುತ್ತಿದ್ದರೆ, ಗುರುತಿರುವ ಕ್ಲಾಸ್ ಹಿಡಿಯಿರಿ. ಪ್ರೊಫೆಸರ್ ಹೇಗೆ ಅಂತ ಸೀನಿಯರ್‌ಗಳನ್ನು ಕೇಳಿಕೊಂಡೇ ಹಿಡಿಯಿರಿ.

ಎಚ್-4ನಲ್ಲಿ ಮನೆಯಲ್ಲಿರುವ ಅಕ್ಕತಂಗಿಯರಿಗೂ ಒಂದು ಮಾತು. ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ. ಡಿಗ್ರಿಯ ಲೆಕ್ಕಕ್ಕೆ ಸೇರದ ನಾನ್-ಕ್ರೆಡಿಟ್ ಕ್ಲಾಸುಗಳಿಗೆ ಯೂನಿಟ್ ಫೀಸೇ ಇಲ್ಲ. ಇಂಗ್ಲಿಷ್, ಸಿಟಿಜನ್‌ಶಿಪ್ ಪರೀಕ್ಷೆಯ ತಯಾರಿ, ಕಂಪ್ಯೂಟರ್, ಎಲ್ಲ ಇವೆ. ಊರಿಂದ ಆರು ತಿಂಗಳಿಗೆ ಬಂದ ಅತ್ತೆ-ಮಾವನನ್ನು ಮಾತ್ರ ಸೇರಿಸಬೇಡಿ. ಬಿ-2 ವೀಸಾದಲ್ಲಿ ಕಾಲೇಜು ಓದು ಶುರು ಮಾಡುವಂತಿಲ್ಲ.

ಇನ್ನೊಂದು ಪಿಡುಗು ಹೇಳಿಬಿಡುತ್ತೇನೆ, ದಾರಿ ತಪ್ಪಿದರೂ ಚಿಂತೆಯಿಲ್ಲ. ಕೋವಿಡ್ ಕಾಲದಿಂದ ಈ ಕಾಲೇಜುಗಳಿಗೆ ನಕಲಿ ವಿದ್ಯಾರ್ಥಿಗಳ ಕಾಟ. ಕದ್ದ ಹೆಸರಿನಲ್ಲಿ ಅರ್ಜಿ ಹಾಕಿ, ಆನ್‌ಲೈನ್ ಕ್ಲಾಸ್‌ಗೆ ಸೇರಿ, ಗ್ರಾಂಟ್ ಬಂದ ಮೇಲೆ ಮಾಯ. ಗೋಸ್ಟ್ ಸ್ಟೂಡೆಂಟ್ಸ್ ಅಂತಾರೆ. ಅವರಿಂದ ಕ್ಲಾಸ್ ಭರ್ತಿ, ನಿಜವಾದ ಮಕ್ಕಳು ವೇಟಿಂಗ್ ಲಿಸ್ಟ್‌ನಲ್ಲಿ. ಹಾಗಾಗಿ ಈಗ ಗುರುತು ಪರೀಕ್ಷೆ ಬಿಗಿಯಾಗಿದೆ. ನಿಮ್ಮ ಮಗುವಿನ ಅರ್ಜಿ ತಡೆದು ಐಡಿ ಕೇಳಿದರೆ ಅವಮಾನ ಅಂದುಕೊಳ್ಳಬೇಡಿ. ಮೊದಲ ವಾರವೇ ಲಾಗಿನ್ ಆಗದ, ಹಾಜರಾಗದ ವಿದ್ಯಾರ್ಥಿಯನ್ನು ಪ್ರೊಫೆಸರ್ ತೆಗೆದುಹಾಕಬಹುದು. ಬೆಂಗಳೂರಿಗೆ ಹೋಗಿ ಬರುವ ಟಿಕೆಟ್ ಆಗಸ್ಟ್ ಕೊನೆಗೆ ತೆಗೆಯುವವರು ಕಾಲೇಜಿನ ಕ್ಯಾಲೆಂಡರ್ ನೋಡಿ ತೆಗೆಯಿರಿ.

ಕೊನೆಗೆ, ಹಿಂದಿನ ಸಾಲಿನಿಂದ ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಮಗ ಮೊದಲ ವರ್ಷ ಸರಿಯಾಗಿ ಓದಲಿಲ್ಲ, ಗ್ರಾಂಟ್ ನಿಂತಿದೆ, ಈಗೇನು? ಮೊದಲು ಏನು ನಿಂತಿದೆ ಅಂತ ನೋಡಿ. ಫೀಸು ಮಾಫಿಗೂ ಪೆಲ್‌ಗೂ ನಿಯಮ ಬೇರೆ. ಸತತ ಎರಡು ಟರ್ಮ್ ಜಿಪಿಎ 2.0ಗಿಂತ ಕೆಳಗಿದ್ದರೆ, ಇಲ್ಲವೇ ತಗೊಂಡ ಯೂನಿಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿಸದಿದ್ದರೆ ಫೀಸು ಮಾಫಿ ಹೋಗಬಹುದು. ಪೆಲ್‌ಗೆ ಸಾಮಾನ್ಯವಾಗಿ ಮೂರನೇ ಎರಡು ಭಾಗ ಮುಗಿಸಿರಬೇಕು, ಜಿಪಿಎ 2.0 ಇರಬೇಕು. ಇನ್ನೊಂದು: ಟರ್ಮ್ ಶೇಕಡ 60 ಮುಗಿಯುವ ಮೊದಲು ಎಲ್ಲ ಕ್ಲಾಸ್ ಬಿಟ್ಟಿದ್ದರೆ, ಬಂದ ದುಡ್ಡಿನಲ್ಲಿ ಒಂದಿಷ್ಟು ವಾಪಸ್ ಕೇಳುತ್ತಾರೆ. ಆ ಬಾಕಿ ಇದ್ದರೆ ಮೊದಲು ಅದರ ಕಂತಿನ ಮಾತಾಡಿಕೊಳ್ಳಿ.

ಎರಡಕ್ಕೂ ಮೇಲ್ಮನವಿ ಇದೆ, ಫಾರಂ ಬೇರೆ ಬೇರೆ. ಕಾಯಿಲೆ, ಮನೆಯ ತೊಂದರೆ, ಕೆಲಸದ ಒತ್ತಡ, ಏನಿತ್ತೋ ಅದನ್ನು ಒಂದು ಪುಟದಲ್ಲಿ ಬರೆಯಬೇಕು. ಡಾಕ್ಟರ ಚೀಟಿ ಇದ್ದರೆ ಜೊತೆಗೆ ಇರಲಿ. ಅದಕ್ಕಿಂತ ಮುಖ್ಯ, ಈಗ ಏನು ಬದಲಾಗಿದೆ ಅಂತ ಬರೆಯಬೇಕು: ಕೆಲಸದ ಗಂಟೆ ಕಡಿಮೆ ಮಾಡಿದ್ದೇನೆ, ಟ್ಯೂಟರ್ ಹತ್ತಿರ ಹೋಗುತ್ತಿದ್ದೇನೆ, ಡಿಎಸ್‌ಪಿಎಸ್‌ನಲ್ಲಿ ಹೆಸರು ಬರೆಸಿದ್ದೇನೆ ಅಂತ. ಬರೀ ಸಾರಿ, ಮುಂದೆ ಚೆನ್ನಾಗಿ ಓದುತ್ತೇನೆ ಅಂದರೆ ಕೆಲಸ ಆಗಲ್ಲ. ಬರೆಯುವ ಮೊದಲು ಕೌನ್ಸೆಲರ್ ಜೊತೆ ಕೂತು ಮುಂದಿನ ಟರ್ಮ್‌ಗಳ ಓದಿನ ಪ್ಲಾನ್ ಮಾಡಿಸಿ, ಬಹಳ ಕಡೆ ಆ ಪ್ಲಾನ್ ಇಲ್ಲದೆ ಮನವಿಯನ್ನೇ ತಗೊಳ್ಳುವುದಿಲ್ಲ. ಟರ್ಮ್ ಶುರುವಾಗುವ ಹೊತ್ತಿಗೆ ಕೌನ್ಸೆಲರ್ ಸಿಗುವುದು ಕಷ್ಟ. ಅಪಾಯಿಂಟ್‌ಮೆಂಟ್ ಈಗಲೇ ತಗೊಳ್ಳಿ. ಪತ್ರವನ್ನು ಮಗನೇ ಬರೆಯಲಿ, ಅಮ್ಮ. ನೀವು ಬರೆದದ್ದು ಅವರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ.